ಒಳಮೈ

ಬೆಂಕಿಪೊಟ್ಟಣದಲ್ಲಿ ಹಲ್ಲು ತಂದಿದ್ದ.
ಹಲ್ಲಲ್ಲ, ಹಲ್ಲಿನ ಹೊದಿಕೆ,
ಉಗುರಿನಷ್ಟು ತೆಳ್ಳನೆ ಪಿಂಗಾಣಿ.
ಭಾನುವಾರದ ಊಟಕ್ಕೆ ಕೂತಾಗ
ಟಣ್ ಎಂದಿತಂತೆ, ತಟ್ಟೆಗೆ ಬಿದ್ದು.
ಇದು ಮೂರನೇ ಸಲ.

ನೋವಿ ಬೋರ್, ಫೆಬ್ರವರಿ.
ಬೊಹುಮೀರ್ ಶ್ಕಾರ್ದಾ, ವಯಸ್ಸು ಎಪ್ಪತ್ತೆರಡು,
ಕೋಟು ಬಿಚ್ಚದೆ ಕುರ್ಚಿಯ ತುದಿಗೆ ಕೂತ.
'ಶನಿವಾರ ಫೈರ್ ಬ್ರಿಗೇಡಿನವರ ಕುಣಿತ, ಡಾಕ್ಟರಮ್ಮ,
ಲಾಟರಿ ನಂಬರು ಕೂಗುವವನು ನಾನು.'
ನಮ್ಮ ಭಾಷೆಯಲ್ಲೊಂದು ಅಕ್ಷರವಿದೆ,
ರಕಾರ ಝಕಾರ ಎರಡೂ
ಒಂದೇ ಬಾಗಿಲಲ್ಲಿ ಸಿಕ್ಕಿಕೊಂಡ ಹಾಗೆ.
ಮೂವತ್ತಮೂರು ಅನ್ನಲು ಅದು ಎರಡು ಸಲ ಬೇಕು.
ಅಂದು ತೋರಿಸಿದ:
ಸಂದಿಯಿಂದ ಬರೀ ಸಿಳ್ಳು.
ನಾನು ನಕ್ಕುಬಿಟ್ಟೆ. ಆತ ತುಟಿ ಮುಚ್ಚಿದ.

ಹೊದಿಕೆಯ ಬೆನ್ನು ತಿರುಗಿಸಿ ದೀಪಕ್ಕೆ ಹಿಡಿದೆ.
ಎದೆಜೇಬಿನ ಮಸೂರ ಕಣ್ಣಿಗೊತ್ತಿ
ನನಗಿಂತ ಮೊದಲು ಆತನೇ ಅಂದ:
'ಒಳಮೈ ಇನ್ನೂ ಕನ್ನಡಿ.
ಇದನ್ನು ಯಾರೂ ಮಂಜು ಮಾಡೇ ಇಲ್ಲ.
ಕನ್ನಡಿಗೆ ಏನು ಅಂಟೀತು?'

ಮೂರೂ ಸಲ ಅಂಟಿಸಿದವಳು ನಾನು.
ಕೆತ್ತಿದ್ದೇವೆ ಎಂದು ಲ್ಯಾಬಿನವರು ಚೀಟಿ ಬರೆದಿದ್ದರು.
ಚೀಟಿ ಓದಿದೆ. ಪಿಂಗಾಣಿ ಓದಲಿಲ್ಲ.

ನಲವತ್ತು ವರ್ಷ ಈ ಊರಿನ ಕಾರ್ಖಾನೆಯಲ್ಲಿ
ಗಾಜಿನ ಹೂಜಿಗೆ ಮೇಣ ಬಳಿದು
ಸೂಜಿಯಿಂದ ಜಿಂಕೆ ಬಿಡಿಸಿ
ಆಮ್ಲದ ತೊಟ್ಟಿಗೆ ಇಳಿಸಿದವನು.
ಎಡಗೈ ಹೆಬ್ಬೆಟ್ಟಿಗೆ ತುದಿಯಿಲ್ಲ.
'ಮೊದಲು ಸುಡುವುದಿಲ್ಲ ಅದು. ನೀರಿನ ಹಾಗೆ ಸುಮ್ಮನಿರುತ್ತದೆ.
ನಡುರಾತ್ರಿ ಮೂಳೆಯೊಳಗಿಂದ ಎಬ್ಬಿಸುತ್ತದೆ.'
ಗೊತ್ತು ಅಂದೆ. ಕ್ಯಾಲ್ಸಿಯಂ ಮುಲಾಮು ಡ್ರಾಯರಿನಲ್ಲಿದೆ.
ಅದೇ ಆಮ್ಲ ನನ್ನದೂ,
ನೂರಕ್ಕೆ ಐದು, ಸಿರಿಂಜಿನಲ್ಲಿ ಕೆಂಪು ಲೋಳೆ.

'ಹೊರಮೈಗೆ ಮೇಣ ಹಚ್ಚಿ,' ಅಂದ.
ಓದಿದ್ದೆ, ಮಾಡಿರಲಿಲ್ಲ. ಹಚ್ಚಿದೆ.
ಹಳೆಯ ಸಿಮೆಂಟು ಕೆರೆದು, ಒಳಗೆ ಲೋಳೆ.
ಆತ ಗಟ್ಟಿಯಾಗಿ ಎಣಿಸಿದ.
ಹದಿನೆಂಟಕ್ಕೇ ನೀರಿಗೆ ಕೈ ಹೋಯಿತು ನನಗೆ.
'ಇನ್ನೆರಡು.'
ಆಮೇಲೆ, 'ಸಾಕು, ಇನ್ನೂ ತಿಂದರೆ ಗಾಜೇ ಸೊರಗುತ್ತದೆ.'

ತೊಳೆದು ಆರಿಸಿದರೆ
ಸುಣ್ಣದ ಗೋಡೆಯ ಮಂಕು.
ಹಳ್ಳ, ಬಿಲ, ಕೊರಕಲು,
ಯಾವುದೂ ಬರಿಗಣ್ಣಿಗೆ ಕಾಣದು;
ಅಂಟು ಇಳಿದು ಬೇರು ಬಿಡುವುದು ಅಲ್ಲಿ.
ಅದರ ಮೇಲೆ ಸಿಲೇನ್, ಒಂದು ಹನಿ, ಒಂದು ನಿಮಿಷ.
'ಇದು ಯಾರು?'
ದಲ್ಲಾಳಿ, ಅಂದೆ. ಒಂದು ಕೈ ಗಾಜಿಗೆ, ಒಂದು ಕೈ ರಾಳಕ್ಕೆ.
'ಕಮಿಷನ್ ಎಷ್ಟು?'

ಕೂರುತ್ತದೋ ಎಂದು ಒಮ್ಮೆ ಇಟ್ಟು ನೋಡಿದೆ.
ನೋಡಬೇಕಿರಲಿಲ್ಲ. ಅವಸರ.
ತುಟಿಯಂಚಿನ ಒಂದು ಹನಿ ಒಳಕ್ಕೆ ಜಾರಿತು.
ಎಂಜಲಾಯಿತು.

ಒಣಗಿಸಿದರೆ ಮತ್ತೆ ಅದೇ ಮಂಕು, ಅದೇ ಬಿಳುಪು.
ಹಳ್ಳಗಳು ಮಾತ್ರ ಹೂತಿದ್ದವು.
ಆತ ಕಣ್ಣು ಮುಚ್ಚಿಕೊಂಡಿದ್ದ.
ಅಂಟಿಸಿ ಕಳಿಸಬಹುದಿತ್ತು.
ಶನಿವಾರ ದಾಟುತ್ತಿತ್ತು,
ಬಹುಶಃ ಈಸ್ಟರೂ.

'ಮೊದಲಿಂದ ಮಾಡಬೇಕು,' ಅಂದೆ.
ಒಂದು ಕಣ್ಣು ತೆರೆದ.
'ಮಾಡಿ. ಜಿಂಕೆಗೆ ಕಾಲು ತಪ್ಪಿದರೆ
ನಾವು ಹೂಜಿಯನ್ನೇ ಒಡೆಯುತ್ತಿದ್ದೆವು.
ನಿಮ್ಮದು ವಾಸಿ.'

ಒರೆಸಿದೆ, ತೊಳೆದೆ, ಆರಿಸಿದೆ.
ಮತ್ತೆ ದಲ್ಲಾಳಿ, ಮತ್ತೆ ಒಂದು ನಿಮಿಷ.
ಬಾಯಿಗೆ ರಬ್ಬರು ಪರದೆ ಕಟ್ಟಿ
ಹಲ್ಲಿಗೂ ಅದರ ಪಾಲಿನ ಆಮ್ಲ ಕೊಟ್ಟು,
ರಾಳ, ಬೆರಳ ಒತ್ತು, ನೀಲಿ ಬೆಳಕು.
ಈ ಸಲ ಇಬ್ಬರೂ ಎಣಿಸಲಿಲ್ಲ.
ಯಂತ್ರವೇ ಕೂಗಿಕೊಂಡಿತು.

ಪರದೆ ತೆಗೆದೆ. ನಾಲಿಗೆಯಿಂದ ತಡವಿದ.
ಮೂವತ್ತಮೂರು ಅಂದ, ಮೆಲ್ಲಗೆ,
ಬೇರೆಯವರ ಮನೆ ಬಾಗಿಲು ತಟ್ಟುವವನ ಹಾಗೆ.
ಆಮೇಲೆ ಮೆಟ್ಟಿಲಿಳಿಯುತ್ತ, ಜೋರಾಗಿ.
ಬೀದಿಯಲ್ಲಿ ಯಾರೋ ತಿರುಗಿ ನೋಡಿದರು.

ಬೆಂಕಿಪೊಟ್ಟಣ ಮೇಜಿನ ಮೇಲೇ ಉಳಿಯಿತು.
ಅಲುಗಿಸಿದೆ.
ಒಳಗಿನ್ನೂ ಎರಡು ಕಡ್ಡಿ.